ಸದಸ್ಯತ್ವ ಒಂದು, ಚಂದಾ ಇನ್ನೊಂದು

ಪ್ರಶ್ನೆ: ನಾನು ಕುಮಟಾದವನು. ಹಳೇ ಆಯಿಲ್ ಇಂಜಿನ್, ಪಂಪು, ಗಿರಣಿ ಯಂತ್ರಗಳ ಹುಚ್ಚಿರುವ 90 ಜನರ ಬಳಗ ನಮ್ಮದು. ಮೂರು ತಿಂಗಳಿಗೊಮ್ಮೆ ಪತ್ರಿಕೆಯನ್ನೂ ತರುತ್ತೇವೆ. ಕಳೆದ ಸಭೆಯಲ್ಲಿ ನನ್ನನ್ನು ಖಜಾಂಚಿ ಮಾಡಿ ರಿಜಿಸ್ಟರು ಕೈಗೆ ಕೊಟ್ಟರು. ಯಾರದು ನವೀಕರಣ ಆಗಿದೆ, ಯಾರದು ಬಾಕಿ, ಒಂದೂ ಗೊತ್ತಾಗುತ್ತಿಲ್ಲ. "ಪತ್ರಿಕೆಗೆ ದುಡ್ಡು ಕೊಟ್ಟಿದ್ದೇನೆ, ಸದಸ್ಯತ್ವಕ್ಕೆ ಮತ್ತೆ ಯಾಕೆ" ಎಂದು ಕೆಲವರು ಕೇಳುತ್ತಾರೆ. ಹಿಂದೆ ತಲಾ 2,000 ರೂಪಾಯಿ ಕೊಟ್ಟು ಆಜೀವ ಸದಸ್ಯರಾದವರು 31 ಜನ. ಅವರಿಂದ ಇನ್ನು ಪೈಸೆ ಬರುವುದಿಲ್ಲ. ಸಾಲದ್ದಕ್ಕೆ ನಾನು ತರಿಸುತ್ತಿದ್ದ ಇಂಗ್ಲೆಂಡಿನ ಪತ್ರಿಕೆಯ ಚಂದಾ ಕಾರ್ಡಿನಲ್ಲಿ ತಾನಾಗಿ ನವೀಕರಣವಾಗದೆ ನಿಂತುಹೋಯಿತು. ಎಲ್ಲಿಂದ ಶುರು ಮಾಡಲಿ? ಇನ್ನೊಂದು, ನನ್ನ ಲಿಸ್ಟರ್ 6/1 ಡೀಸೆಲ್ ಇಂಜಿನ್ ಇಂಗ್ಲೆಂಡಿನ ಅಸಲಿಯೋ ರಾಜಕೋಟಿನ ನಕಲೋ ಹೇಗೆ ತಿಳಿಯುತ್ತದೆ?

ಉತ್ತರ: ರಿಜಿಸ್ಟರು ಕೈಗೆ ಕೊಟ್ಟರು ಅಂದಿರಲ್ಲ, ಅಲ್ಲಿಗೇ ನಿಮ್ಮ ಪಾಡು ಅರ್ಥ ಆಯಿತು. ಖಜಾಂಚಿ ಆಗುತ್ತೇನೆ ಎಂದು ಯಾರೂ ಕೈ ಎತ್ತುವುದಿಲ್ಲ. ಸಭೆಗೆ ತಡವಾಗಿ ಬಂದವರ ತಲೆಗೆ ಕಟ್ಟುತ್ತಾರೆ. ನನಗೂ ಹಾಗೇ ಆಗಿತ್ತು. ಶಿರಸಿ ಕಡೆಯ ಇಂಥದೇ ಒಂದು ಬಳಗದ ಲೆಕ್ಕವನ್ನು 14 ವರ್ಷ ನೋಡಿಕೊಂಡೆ.

ನನಗೆ ಸಿಕ್ಕ ರಿಜಿಸ್ಟರು ಕೆಂಪು ಬಟ್ಟೆಯ ಬೈಂಡಿನ ಉದ್ದ ಪುಸ್ತಕ. ಮಳೆಗಾಲದಲ್ಲಿ ಕಿಟಕಿ ಪಕ್ಕ ಇಟ್ಟಿದ್ದರೋ ಏನೋ, ಕೆಳಗಿನ ಮೂಲೆ ಹಪ್ಪಳದ ಹಾಗೆ ಮುರುಟಿ ಶಾಯಿ ಹರಡಿತ್ತು. ಪ್ರತಿ ಹೆಸರಿನ ಮುಂದೆ ವರ್ಷಕ್ಕೆ ನಾಲ್ಕು ಮನೆ, ಒಂದೊಂದು ಮನೆಯಲ್ಲಿ ಒಂದೊಂದು ಟಿಕ್ಕು. ಟಿಕ್ಕು ಇದ್ದರೆ ದುಡ್ಡು ಬಂದಿದೆ ಅಂತ ನಾನು ತಿಳಿದೆ. ಎರಡು ವರ್ಷ ಹಾಗೇ ನಡೆಸಿದೆ. ಆಮೇಲೆ ಒಂದು ಮದುವೆ ಊಟದ ಪಂಕ್ತಿಯಲ್ಲಿ ಹಿಂದಿನ ಖಜಾಂಚಿ ಪಕ್ಕದಲ್ಲೇ ಸಿಕ್ಕರು. ಹೋಳಿಗೆ ಬರುವ ಹೊತ್ತಿಗೆ ಮಾತು ತೆಗೆದೆ. "ಇಲ್ಲ ಮಾರಾಯಾ, ಟಿಕ್ಕು ಅಂದ್ರೆ ಪತ್ರಿಕೆ ಪೋಸ್ಟಿಗೆ ಹಾಕಿದ್ದು. ದುಡ್ಡು ಬಂದಿದ್ರೆ ಟಿಕ್ಕಿನ ಸುತ್ತ ಸೊನ್ನೆ ಸುತ್ತತಿದ್ದೆ" ಅಂದರು. ಮನೆಗೆ ಬಂದು ಕನ್ನಡಕ ಹಾಕಿಕೊಂಡು ಕೂತೆ. ಸೊನ್ನೆ ಇಲ್ಲದವರು 23 ಜನ. ಎರಡು ವರ್ಷ ಅವರಿಗೆಲ್ಲ ಪುಕ್ಕಟೆ ಪತ್ರಿಕೆ ಹೋಗಿತ್ತು, ಅವರಲ್ಲಿ ಇಬ್ಬರು ಸಮಿತಿಯಲ್ಲೂ ಇದ್ದರು! ಅವರದೂ ತಪ್ಪಲ್ಲ. ಪತ್ರಿಕೆ ಬರುತ್ತಿದೆ ಅಂದಮೇಲೆ ಎಲ್ಲ ಸರಿ ಇದೆ ಅಂದುಕೊಂಡಿದ್ದರು.

ನಿಮ್ಮ ರಿಜಿಸ್ಟರಿನ ರೋಗವೂ ಇದೇ ಅಂತ ಕಾಣುತ್ತದೆ. ಸದಸ್ಯತ್ವ, ಚಂದಾ ಎರಡನ್ನೂ ಒಂದೇ ಟಿಕ್ಕಿನಲ್ಲಿ ಹಿಡಿಯಲು ಹೋದರೆ ಜಗಳ ಗ್ಯಾರಂಟಿ.

ಸದಸ್ಯ ಅಂದರೆ ಸಭೆಯಲ್ಲಿ ಮತ ಹಾಕುವವ. ಬಳಗದ ಪುಲ್ಲರ್ರು, ರಿಂಗ್ ಕಂಪ್ರೆಸರ್ರಿನಂಥ ರಿಪೇರಿ ಸಾಮಾನು ಮನೆಗೆ ಒಯ್ಯುವವ, ಪ್ರದರ್ಶನದಲ್ಲಿ ತನ್ನ ಇಂಜಿನ್ ನಿಲ್ಲಿಸುವವ. ಚಂದಾದಾರ ಅಂದರೆ ವರ್ಷಕ್ಕೆ ನಾಲ್ಕು ಸಂಚಿಕೆ ಓದುವವ, ಅಷ್ಟೇ. ಎಷ್ಟೋ ಜನ ಎರಡೂ ಆಗಿರುತ್ತಾರೆ, ಅದಕ್ಕೇ ಗೊಂದಲ. ಆದರೆ ನಮ್ಮಲ್ಲಿ ಧಾರವಾಡದ ಒಬ್ಬರು ನಿವೃತ್ತ ಮೇಷ್ಟ್ರಿದ್ದರು. ಅವರ ಹತ್ತಿರ ಇಂಜಿನ್ ಬಿಡಿ, ಸ್ಪ್ಯಾನರ್ ಕೂಡ ಇರಲಿಲ್ಲ. ಪತ್ರಿಕೆ ಮಾತ್ರ ಒಂದೂ ತಪ್ಪದೆ ಓದಿ ಕಾಗುಣಿತದ ತಪ್ಪು ಪಟ್ಟಿ ಮಾಡಿ ಕಳಿಸುತ್ತಿದ್ದರು. ಸಿದ್ದಾಪುರ ಕಡೆ ಒಂದೇ ಮನೆಯ ಅಣ್ಣ ತಮ್ಮ ಇಬ್ಬರೂ ಸದಸ್ಯರು, ಇಬ್ಬರಿಗೂ ಮತ ಬೇಕು, ಪತ್ರಿಕೆ ಮನೆಗೆ ಒಂದು ಸಾಕು. ಮೇಷ್ಟ್ರಿಗೆ ಸದಸ್ಯತ್ವದ ದುಡ್ಡು ಹಾಕುವುದು, ತಮ್ಮನಿಗೆ ಎರಡನೇ ಪ್ರತಿ ಕಳಿಸುವುದು, ಎರಡೂ ದಂಡ.

ಬ್ರಿಟನ್ನು, ಅಮೆರಿಕದ ಎಷ್ಟೋ ಇಂಜಿನ್ ಕ್ಲಬ್ಬುಗಳು ನವೀಕರಣದ ತಾರೀಖನ್ನು ಯಾಕೆ ಅಷ್ಟು ಬಿಗಿ ಹಿಡಿಯುತ್ತವೆ ಗೊತ್ತಾ? ಪತ್ರಿಕೆಗಾಗಿ ಅಲ್ಲ. ಪ್ರದರ್ಶನದಲ್ಲಿ ಯಾರಿಗಾದರೂ ಪೆಟ್ಟಾದರೆ ಪರಿಹಾರ ಕೊಡುವ ವಿಮೆ ಸದಸ್ಯತ್ವದ ಜೊತೆಗೇ ಬರುತ್ತದೆ. ಸದಸ್ಯತ್ವ ಮುಗಿಯಿತು ಅಂದರೆ ವಿಮೆಯೂ ಮುಗಿಯಿತು. ಲಿಸ್ಟರ್ 6/1ಗೆ ಎರಡು ಭಾರೀ ಗಾಲಿ, ನಿಮಿಷಕ್ಕೆ 650 ಸುತ್ತು. ಪಂಚೆಯ ತುದಿ ಸಿಕ್ಕರೂ ಸಾಕು. ನಾವು ಪ್ರದರ್ಶನದ ದಿನಕ್ಕೆಂದೇ ವಿಮೆ ಮಾಡಿಸುತ್ತಿದ್ದೆವು. ಸದಸ್ಯರ ಪಟ್ಟಿಯನ್ನು ಜೊತೆಗೆ ಇಡುತ್ತಿದ್ದೆವು. ಬಾಕಿ ಇದ್ದವರ ಹೆಸರು ಆ ಪಟ್ಟಿಯಲ್ಲಿ ಇರುತ್ತಿರಲಿಲ್ಲ, ಅವರ ಇಂಜಿನ್ ಪ್ರದರ್ಶನದ ಜಾಗಕ್ಕೆ ಕಟ್ಟಿದ ಹಗ್ಗದ ಒಳಗೆ ಬರುತ್ತಿರಲಿಲ್ಲ. ಮೊದಲ ವರ್ಷ ಇಬ್ಬರು ಮುನಿಸಿಕೊಂಡರು. ಮರುವರ್ಷ ಅವರದೇ ಮೊದಲ ಪಾವತಿ. ಹಾಗಾಗಿ "ಸದಸ್ಯತ್ವಕ್ಕೆ ಮತ್ತೆ ಯಾಕೆ" ಎಂದು ಕೇಳಿದವರಿಗೆ ಪತ್ರಿಕೆಯ ಮಾತು ಆಡಬೇಡಿ, ಹಗ್ಗದ ಮಾತು ಆಡಿ.

ಈಗ ಕೆಲಸಕ್ಕೆ ಬರೋಣ. ಹಳೇ ಬಾಕಿ ಕೆದಕಬೇಡಿ. ಟಿಕ್ಕಿನ ಅರ್ಥ ಹುಡುಕುತ್ತಾ ಕೂತರೆ ನಿಮ್ಮ ಅವಧಿ ಅದರಲ್ಲೇ ಮುಗಿಯುತ್ತದೆ. ಮಾರ್ಚ್ 31ಕ್ಕೆ ಒಂದು ಗೆರೆ ಎಳೆಯಿರಿ. ಪ್ರತಿಯೊಬ್ಬರಿಗೂ ಒಂದೇ ಸಾಲು ಕಳಿಸಿ: ನಮ್ಮ ಪುಸ್ತಕದ ಪ್ರಕಾರ ನಿಮ್ಮದು ಹೀಗಿದೆ, ತಪ್ಪಿದ್ದರೆ ರಸೀದಿಯ ಫೋಟೊ ಕಳಿಸಿ. ರಸೀದಿ ಇಲ್ಲದೆ "ಕೊಟ್ಟ ನೆನಪಿದೆ" ಅನ್ನುವವರನ್ನು ಒಂದು ಸಲ ನಂಬಿಬಿಡಿ. 300 ರೂಪಾಯಿಗೆ ಸಂಬಂಧ ಕೆಡಿಸಿಕೊಳ್ಳುವುದು ಬೇಡ. ಇದನ್ನು ಸಮಿತಿಯಲ್ಲಿ ಠರಾವು ಮಾಡಿಯೇ ಮಾಡಿ, ಸುಮ್ನೆ ನೀವೊಬ್ಬರೇ ಬಿಟ್ಟುಕೊಟ್ಟರೆ ನಾಳೆ ನಿಮ್ಮ ಮೇಲೇ ಬರುತ್ತದೆ.

ಹೊಸ ಪುಸ್ತಕದಲ್ಲಿ ಸದಸ್ಯತ್ವಕ್ಕೆ ಒಂದು ಕಾಲಂ, ಚಂದಾಕ್ಕೆ ಇನ್ನೊಂದು. ಸದಸ್ಯತ್ವದ ಕಾಲಮ್ಮಿನಲ್ಲಿ ತಾರೀಖು ಬರೆಯಿರಿ. ಚಂದಾ ಕಾಲಮ್ಮಿನಲ್ಲಿ ತಾರೀಖು ಬೇಡ, ಸಂಚಿಕೆಯ ನಂಬರು ಬರೆಯಿರಿ: "45ರಿಂದ 48". ಯಾಕೆಂದರೆ ನಮ್ಮಂಥವರ ಪತ್ರಿಕೆ ಹೇಳಿದ ತಿಂಗಳಿಗೆ ಬರುವುದಿಲ್ಲ, ಅಲ್ವಾ? ಸಂಪಾದಕರ ಮನೆಯಲ್ಲಿ ಅಡಿಕೆ ಕೊಯ್ಲು ಬಂದರೆ ಜನವರಿ ಸಂಚಿಕೆ ಮಾರ್ಚಿಗೆ. ತಾರೀಖಿನ ಲೆಕ್ಕದಲ್ಲಿ ಚಂದಾದಾರನಿಗೆ ವರ್ಷ ಮುಗಿದಿರುತ್ತದೆ, ಸಿಕ್ಕಿದ್ದು ಮಾತ್ರ ಮೂರು ಸಂಚಿಕೆ. ನಂಬರಿನ ಲೆಕ್ಕದಲ್ಲಿ ಆ ಜಗಳವೇ ಇಲ್ಲ. ನಾಲ್ಕು ಸಂಚಿಕೆ ಕೈಗೆ ಬರುವವರೆಗೂ ಚಂದಾ ಬದುಕಿರುತ್ತದೆ. ವಿಳಾಸದ ಚೀಟಿಯ ಮೇಲೆ ಹೆಸರಿನ ಪಕ್ಕ ಕೊನೆಯ ಸಂಚಿಕೆಯ ನಂಬರನ್ನೂ ಅಚ್ಚು ಹಾಕಿಸಿ. ನೆನಪೋಲೆಯ ಖರ್ಚು ಅರ್ಧ ಉಳಿಯುತ್ತದೆ. 48ನೇ ಸಂಚಿಕೆಯ ಲಕೋಟೆಯ ಮೇಲೆ ಕೆಂಪು ಶಾಯಿಯಲ್ಲಿ "ಇದು ನಿಮ್ಮ ಕೊನೆಯ ಸಂಚಿಕೆ" ಎಂಬ ಮೊಹರು ಬಿದ್ದರೆ ವಾಟ್ಸಾಪಿನ ಹತ್ತು ಮೆಸೇಜಿಗಿಂತ ಜಾಸ್ತಿ ಕೆಲಸ ಆಗುತ್ತದೆ. ವಾಟ್ಸಾಪಿನಲ್ಲಿ ಜನ ಹೆಬ್ಬೆರಳು ತೋರಿಸಿ ಸುಮ್ಮನಾಗುತ್ತಾರೆ.

ನವೀಕರಣದ ತಿಂಗಳನ್ನು ಯೋಚನೆ ಮಾಡಿ ಇಡಿ. ವಿದೇಶದಲ್ಲಿ ಜನವರಿ 1 ಅಂತ ನೋಡಿ ಇಲ್ಲೂ ಹಾಗೇ ಇಡುವವರಿದ್ದಾರೆ. ನಿಮ್ಮ ಬಳಗದಲ್ಲಿ ಘಟ್ಟದ ಮೇಲಿನ ತೋಟದವರೂ ಇದ್ದಾರೆ, ತದಡಿ, ಬೇಲೆಕೇರಿಯ ಬೋಟಿನವರೂ ಇರಬೇಕು. ತೋಟದವರು ಜನವರಿಯಲ್ಲಿ ಕೊಯ್ಲು, ಸುಲಿಯುವುದು, ಒಣಗಿಸುವುದು ಎಂದು ಕೈ ಬಿಡುವಿಲ್ಲದೆ ಇರುತ್ತಾರೆ, ಅಡಿಕೆ ವ್ಯಾಪಾರ ಆಗಿ ಕೈಯಲ್ಲಿ ದುಡ್ಡು ಆಡುವುದು ಆಮೇಲೆ. ಬೋಟಿನವರಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಆ ದಿನಗಳಲ್ಲಿ ಬಲೆ, ಇಂಜಿನ್ ರಿಪೇರಿಗೇ ದುಡ್ಡು ಸಾಲುವುದಿಲ್ಲ, ನಿಮ್ಮ 300 ಯಾರಿಗೆ ಬೇಕು? ಅದಕ್ಕೇ ನಾವು ಏಪ್ರಿಲ್ 1 ಹಿಡಿದೆವು. ಫೆಬ್ರವರಿ, ಮಾರ್ಚಿನಲ್ಲಿ ವಸೂಲಿ. ಸರ್ಕಾರದ ಲೆಕ್ಕದ ವರ್ಷವೂ ಅದೇ ಆದ್ದರಿಂದ ಆಡಿಟ್ ಸಲೀಸು. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಆ ಸುಮಾರಿಗೇ ಬರುತ್ತದೆ. ಜಾತ್ರೆಗೆ ಬಂದವರೆಲ್ಲ ಪೇಟೆಯಲ್ಲೇ ಸಿಗುತ್ತಾರೆ. ರಸೀದಿ ಪುಸ್ತಕ ಜೋಬಿನಲ್ಲಿ ಇಟ್ಟುಕೊಂಡು ತಿರುಗಿದರೆ ಸಾಕು.

ಬಾಕಿ ಇಟ್ಟವರಿಗೆ ಎಷ್ಟು ದಿನ ಕೊಡಬೇಕು? ಮೂರು ತಿಂಗಳು. ಇದು ನನ್ನ ಸ್ವಂತ ಅಳತೆ ಅಲ್ಲ. 1860ರ ಸಂಘಗಳ ನೋಂದಣಿ ಕಾಯ್ದೆಯ 15ನೇ ಕಲಮಿನಲ್ಲೇ, ಶುಲ್ಕ ಮೂರು ತಿಂಗಳಿಗಿಂತ ಹೆಚ್ಚು ಬಾಕಿ ಇದ್ದವರಿಗೆ ಮತ ಇಲ್ಲ, ಅವರನ್ನು ಸದಸ್ಯ ಎಂದು ಎಣಿಸುವುದೂ ಇಲ್ಲ ಅಂತಿದೆ. ನಮ್ಮ ರಾಜ್ಯಕ್ಕೆ 1960ರ ಬೇರೆ ಕಾಯ್ದೆ ಇದೆ. ನೀವು ನೋಂದಣಿ ಮಾಡಿಸಿದ್ದರೆ ಅದರಡಿಯಲ್ಲೇ. ಮಾಡಿಸಿಲ್ಲದಿದ್ದರೆ ಏಳು ಜನ ಸೇರಿದರೂ ಮಾಡಿಸಬಹುದು. ಏನೇ ಇರಲಿ, ಆ ಮೂರು ತಿಂಗಳ ಮಾತನ್ನು ನಿಮ್ಮ ಬೈಲಾದಲ್ಲಿ ಕನ್ನಡದಲ್ಲಿ ಸ್ಪಷ್ಟವಾಗಿ ಬರೆದುಕೊಳ್ಳಿ. ಬೈಲಾದಲ್ಲಿ ಇದ್ದರೆ "ನೀನು ನನಗೆ ಮತ ಇಲ್ಲ ಅಂದೆ" ಅಂತ ನಿಮ್ಮ ಮೇಲೆ ಯಾರೂ ಹರಿಹಾಯುವುದಿಲ್ಲ.

ಈಗ ಆಜೀವದವರು. ಇದು ನಿಜಕ್ಕೂ ಕಷ್ಟದ್ದು. ಸ್ವಲ್ಪ ಲೆಕ್ಕ ಹಾಕೋಣ. ಒಂದು ಸಂಚಿಕೆಗೆ ಅಚ್ಚಿನ ಖರ್ಚು 38 ರೂಪಾಯಿ, ಲಕೋಟೆ, ಅಂಚೆ ಸೇರಿ 17 ಅಂತ ಹಿಡಿಯಿರಿ. ಒಟ್ಟು 55. ವರ್ಷಕ್ಕೆ ನಾಲ್ಕು ಅಂದರೆ 220. ಅವರು ಕೊಟ್ಟ 2,000ವನ್ನು ಠೇವಣಿ ಇಟ್ಟಿದ್ದೀರಿ, 7 ಪರ್ಸೆಂಟ್ ಬಡ್ಡಿ ಬರುತ್ತಿದೆ ಅನ್ನೋಣ. ಸಿಗುವುದು 140. ತಲೆಗೆ 80 ಕಡಿಮೆ. 31 ಜನಕ್ಕೆ ವರ್ಷಕ್ಕೆ 2,480 ರೂಪಾಯಿ ಉಳಿದ 59 ಜನರ ಜೋಬಿನಿಂದ ಹೋಗುತ್ತಿದೆ. ಇದೂ ಠೇವಣಿ ಇಟ್ಟಿದ್ದರೆ ಮಾತ್ರ! ಆ 62,000 ಬ್ಯಾಂಕಿನಲ್ಲಿ ಇದೆಯೋ, ಯಾವುದೋ ಪ್ರದರ್ಶನದ ಶಾಮಿಯಾನಕ್ಕೆ ಹೋಯಿತೋ ಮೊದಲು ನೋಡಿ. ನಮ್ಮಲ್ಲಿ ಶಾಮಿಯಾನಕ್ಕೇ ಹೋಗಿತ್ತು.

ಬಡ್ಡಿಯಲ್ಲೇ ಪತ್ರಿಕೆ ನಡೆಯಬೇಕು ಅಂದರೆ ಇವತ್ತಿನ ಖರ್ಚಿಗೇ ಸುಮಾರು 3,150 ಠೇವಣಿ ಬೇಕು. ಕಾಗದದ ರೇಟು ಏರಿದರೆ ಅದೂ ಸಾಲದು. ಹಾಗಂತ ಕೊಟ್ಟ ಮಾತು ಮುರಿಯಬೇಡಿ. ಆಜೀವ ಅಂದಮೇಲೆ ಆಜೀವವೇ. ನಾವು ಮೂರು ಕೆಲಸ ಮಾಡಿದೆವು. ಹೊಸ ಆಜೀವ ಸದಸ್ಯತ್ವ ನಿಲ್ಲಿಸಿದೆವು. ಇದ್ದವರಿಗೆ ಒಂದು ಕಾಗದ ಬರೆದು ಲೆಕ್ಕವನ್ನು ಹೀಗೇ ಬಿಡಿಸಿ ತೋರಿಸಿ, ಸಾಧ್ಯ ಇದ್ದವರು ವರ್ಷಕ್ಕೆ 100 ರೂಪಾಯಿ ಅಂಚೆ ಖರ್ಚು ಕೊಡಿ ಅಂದೆವು. ಒತ್ತಾಯ ಮಾಡಲಿಲ್ಲ. ಅರ್ಧಕ್ಕಿಂತ ಜಾಸ್ತಿ ಜನ ಕೊಟ್ಟರು, ಒಬ್ಬರು ಐದು ವರ್ಷದ್ದು ಒಟ್ಟಿಗೇ ಕೊಟ್ಟರು. ಕಾಗದದ ಪ್ರತಿ ಬೇಡ, ಫೋನಿಗೆ ಪಿಡಿಎಫ್ ಸಾಕು ಅನ್ನುವವರಿಗೆ ಅದನ್ನೇ ಕಳಿಸಿದೆವು. ಆದರೆ 70 ದಾಟಿದವರು ಪಿಡಿಎಫ್ ಒಪ್ಪುವುದಿಲ್ಲ. ಬೆಳಿಗ್ಗೆ ಚಹಾದ ಜೊತೆ ಜಗಲಿಯಲ್ಲಿ ಕೂತು ಓದುವುದಕ್ಕೆ ಅವರಿಗೆ ಕಾಗದವೇ ಬೇಕು. ಅದೂ ನ್ಯಾಯವೇ.

ಇದೇ ಲೆಕ್ಕ ಹಿಡಿದು ವಾರ್ಷಿಕ ದರವನ್ನೂ ಕಟ್ಟಿ. ಪತ್ರಿಕೆ ಮಾತ್ರ ಬೇಕಾದವರಿಗೆ 250, ಪತ್ರಿಕೆ ಸಹಿತ ಸದಸ್ಯತ್ವಕ್ಕೆ 350, ಒಂದೇ ಮನೆಯ ಎರಡನೇ ಸದಸ್ಯನಿಗೆ ಪತ್ರಿಕೆ ಇಲ್ಲದೆ 100, ಹೀಗೆ ಏನಾದರೂ. ರಸೀದಿಯಲ್ಲಿ ಎರಡು ಸಾಲಾಗಿ ಒಡೆದು ಬರೆಯಿರಿ, ಒಟ್ಟು ಮೊತ್ತ ಕೆಳಗೆ.

ಫೋನ್‌ಪೇ, ಗೂಗಲ್‌ಪೇ ಬಂದ ಮೇಲೆ ವಸೂಲಿ ಸುಲಭ ಆಯಿತು, ಗುರುತು ಹಿಡಿಯುವುದು ಕಷ್ಟ ಆಯಿತು. ಬ್ಯಾಂಕಿನ ಪಟ್ಟಿಯಲ್ಲಿ ಬರುವುದು ಮಗನ ಹೆಸರು, ಸೊಸೆಯ ಹೆಸರು. ಒಮ್ಮೆ ಒಂದು ಕಿರಾಣಿ ಅಂಗಡಿಯ ಹೆಸರಲ್ಲಿ 300 ಬಂತು. ಯಾರದೆಂದು ತಿಳಿಯಲು ನನಗೆ ಆರು ವಾರ ಬೇಕಾಯಿತು. ನಮ್ಮ ಕಡೆ ಒಂದೇ ಇನಿಶಿಯಲ್ಲಿನ ಹೆಗಡೆಯವರು ನಾಲ್ಕು ಜನ ಇರುತ್ತಾರೆ, ಭಟ್ಟರು ಮೂರು ಜನ. ನಿಮ್ಮ ಕಡೆ ನಾಯ್ಕರದ್ದೂ ಇದೇ ಕತೆ ಇರಬೇಕು. ಆದ್ದರಿಂದ ಪ್ರತಿಯೊಬ್ಬರಿಗೂ ಒಂದು ನಂಬರು ಕೊಡಿ. ದುಡ್ಡು ಹಾಕುವಾಗ ಆ ನಂಬರನ್ನು ಬರೆಯಲೇಬೇಕು ಅನ್ನಿ. ಮರೆತವರು ಇದ್ದೇ ಇರುತ್ತಾರೆ, ಅವರಿಗೆ ಸ್ಕ್ರೀನ್‌ಶಾಟ್ ಕಳಿಸಲು ಹೇಳಿ. ಮುಖ್ಯವಾದ ಮಾತು, ದುಡ್ಡು ನಿಮ್ಮ ಸ್ವಂತ ಖಾತೆಗೆ ಬರುವುದು ಬೇಡ. ಬಳಗದ ಖಾತೆಯ ಕ್ಯೂಆರ್ ಕೋಡ್ ಮಾಡಿಸಿ ಪತ್ರಿಕೆಯ ಹಿಂದಿನ ಪುಟದಲ್ಲೇ ಅಚ್ಚು ಹಾಕಿ.

ದುಬೈಯಲ್ಲಿರುವ ಭಟ್ಕಳ, ಕಾರವಾರದವರು ಯಾರಾದರೂ ಸದಸ್ಯರಿದ್ದರೆ ಒಂದು ವಿಷಯ ನೋಡಿಕೊಳ್ಳಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಹೊರಗೆ ದುಡಿಯುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಅಂತ ಆಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಓಸಿಐ ಕಾರ್ಡ್ ಇದ್ದವರೂ ಸೇರಿ, ದೇಣಿಗೆ ಕೊಟ್ಟರೆ ಅದು ವಿದೇಶಿ ದೇಣಿಗೆಯೇ, ಅದಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಅನುಮತಿ ಬೇಕು. ಶುಲ್ಕದ ಜೊತೆ "ಇರಲಿ" ಅಂತ ಹೆಚ್ಚಿಗೆ ಹಾಕುವವರು ಇದ್ದಾರಲ್ಲ, ಅಲ್ಲಿ ಎಚ್ಚರ. ಆಡಿಟರನ್ನು ಕೇಳದೆ ತೆಗೆದುಕೊಳ್ಳಬೇಡಿ.

ಅಂಚೆಯ ಬಗ್ಗೆ ಒಂದು ಭ್ರಮೆ ಎಲ್ಲ ಬಳಗದಲ್ಲೂ ಇರುತ್ತದೆ. "ಪತ್ರಿಕೆಗಳಿಗೆ ಪೋಸ್ಟಿನವರು ಪೈಸೆಗಳಲ್ಲಿ ಒಯ್ಯುತ್ತಾರಂತೆ, ನಮಗೆ ಯಾಕಿಲ್ಲ?" ಆ ಅಗ್ಗದ ದರ 1898ರ ಅಂಚೆ ಕಾಯ್ದೆಯ ಕಾಲದಿಂದಲೂ ಬಂದದ್ದು 31 ದಿನಕ್ಕಿಂತ ಹೆಚ್ಚು ಅಂತರ ಇಲ್ಲದೆ ಹೊರಬರುವ, ನೋಂದಾಯಿತ ಪತ್ರಿಕೆಗಳಿಗೆ. ಮೂರು ತಿಂಗಳಿಗೊಮ್ಮೆ ಬರುವ ನಿಮ್ಮದಕ್ಕೆ ಅದನ್ನು ನೆಚ್ಚಿಕೊಂಡು ದರ ಕಟ್ಟಬೇಡಿ. ಜೂನ್, ಜುಲೈ ಸಂಚಿಕೆಗೆ ಮಾತ್ರ ಒಳಗೊಂದು ಪ್ಲಾಸ್ಟಿಕ್ ಕವರು ಹಾಕಿ. ನಮ್ಮ ಒಂದು ಜುಲೈ ಸಂಚಿಕೆ ಹಳ್ಳಿ ಅಂಗಡಿಯ ಕಟ್ಟೆಯ ಮೇಲೆ ಎರಡು ದಿನ ಕೂತು, ಹಾಳೆ ಹಾಳೆಗೆ ಅಂಟಿ, ಓದುಗರ ಕೈ ಸೇರುವಾಗ ಒಂದು ಇಟ್ಟಿಗೆ ಆಗಿತ್ತು.

ಇಂಗ್ಲೆಂಡಿನ ಪತ್ರಿಕೆಯ ವಿಷಯ. ಅದು ಬಹುಶಃ ನಿಮ್ಮ ತಪ್ಪೂ ಅಲ್ಲ, ಅವರ ತಪ್ಪೂ ಅಲ್ಲ. ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರ್ 1ರಿಂದ ಕಾರ್ಡಿನಲ್ಲಿ ತಾನಾಗಿ ದುಡ್ಡು ಕಡಿತವಾಗುವುದಕ್ಕೆ ಹೊಸ ನಿಯಮ ತಂದಿತು. ಮೊದಲು ನೀವು ಒಪ್ಪಿಗೆಯನ್ನು ಓಟಿಪಿ ಹಾಕಿ ನೋಂದಾಯಿಸಬೇಕು, ಪ್ರತಿ ಸಲ ಕಡಿತಕ್ಕೆ 24 ಗಂಟೆ ಮೊದಲು ಬ್ಯಾಂಕು ತಿಳಿಸಬೇಕು. ಹಾಗೆ ನೋಂದಾಯಿಸಿದರೆ 15,000 ರೂಪಾಯಿವರೆಗೆ ಮತ್ತೆ ಓಟಿಪಿ ಕೇಳುವುದಿಲ್ಲ. ವಿದೇಶದ ಸಣ್ಣ ಪ್ರಕಾಶಕರು ಎಷ್ಟೋ ಜನ ಈ ವ್ಯವಸ್ಥೆಗೆ ಸೇರಲೇ ಇಲ್ಲ, ಅವರ ಕೋರಿಕೆ ಬ್ಯಾಂಕಿನಲ್ಲೇ ಬಿದ್ದುಹೋಗುತ್ತದೆ. ಕಾರ್ಡು ಹೊಸದಾಗಿ ಬದಲಾಗಿದ್ದರೆ ಅದರಲ್ಲಿ ವಿದೇಶಿ ವ್ಯವಹಾರ ಬಂದ್ ಆಗಿಯೇ ಇರುತ್ತದೆ, ಬ್ಯಾಂಕಿನ ಆಪ್‌ನಲ್ಲಿ ನೀವೇ ತೆರೆಯಬೇಕು. ನನ್ನ ಸಲಹೆ, ತಾನಾಗಿ ನವೀಕರಣ ಅನ್ನುವುದನ್ನೇ ಬಿಡಿ. ವರ್ಷಕ್ಕೊಮ್ಮೆ ನೀವೇ ಕಟ್ಟಿ, ಕಟ್ಟುವ ದಿನ ಮಾತ್ರ ಆ ಸ್ವಿಚ್ಚು ತೆರೆದು ಮತ್ತೆ ಮುಚ್ಚಿ. ಪೌಂಡಿನ ಬೆಲೆಯ ಮೇಲೆ ಬ್ಯಾಂಕು ತನ್ನ ಶುಲ್ಕ, ಆ ಶುಲ್ಕಕ್ಕೆ ಜಿಎಸ್‌ಟಿ ಹಾಕುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಡಿಜಿಟಲ್ ಚಂದಾ ಅಗ್ಗ, ದಾರಿಯಲ್ಲಿ ಕಳೆಯುವುದಿಲ್ಲ. ಆದರೆ ಅದನ್ನು ಬಳಗದ ಗುಂಪಿಗೆಲ್ಲ ಹಂಚಬೇಡಿ. ಚಂದಾ ಇಲ್ಲದೆ ಪತ್ರಿಕೆ ನಡೆಯುವುದಿಲ್ಲ ಎಂದು ನಾವೇ ಇಷ್ಟುದ್ದ ಮಾತಾಡಿ, ಅವರ ಪತ್ರಿಕೆ ಪುಕ್ಕಟೆ ಹಂಚಿದರೆ ಹೇಗೆ?

ಇನ್ನು ನಿಮ್ಮ 6/1. ಅಸಲಿ ಲಿಸ್ಟರ್ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನ ಡರ್ಸ್ಲಿ ಊರಿನದು. 1867ರಲ್ಲಿ ಶುರುವಾದ ಕಂಪನಿ. ರಾಜಕೋಟಿನವರು ಅದೇ ಅಚ್ಚಿನಲ್ಲಿ ದಶಕಗಟ್ಟಲೆ ಇಂಜಿನ್ ಮಾಡಿದರು. ಅವೂ ಕೆಟ್ಟವಲ್ಲ, ನಮ್ಮ ಕಡೆಯ ಎಷ್ಟೋ ಆಲೆಮನೆ, ಗಿರಣಿ ಅವುಗಳಿಂದಲೇ ನಡೆದವು. ಹಿತ್ತಾಳೆಯ ಫಲಕದಲ್ಲಿ ಡರ್ಸ್ಲಿ ಅಂತಿದೆ ಎಂದು ಕುಣಿಯಬೇಡಿ, ಫಲಕವನ್ನು ಯಾವ ಪೇಟೆಯಲ್ಲೂ ಮಾಡಿಸಬಹುದು. ಡೀಸೆಲ್ ಪಂಪು ನಮ್ಮ ಬೆಂಗಳೂರಿನ ಮೈಕೊ ಕಂಪನಿಯದಿದ್ದರೆ ನಕಲಿ ಎಂದೂ ಅಲ್ಲ, ರಿಪೇರಿಯಲ್ಲಿ ಬದಲಾಯಿಸಿರುತ್ತಾರೆ. ಸೀಮೆಎಣ್ಣೆ ಬಟ್ಟೆಯಿಂದ ಕ್ರ್ಯಾಂಕ್‌ಕೇಸ್, ಸಿಲಿಂಡರ್, ಗಾಲಿಯ ಒಳಬದಿ ಚೆನ್ನಾಗಿ ಒರೆಸಿ, ಎರಕದಲ್ಲೇ ಮೂಡಿದ ಅಕ್ಷರ, ನಂಬರು ಏನಿವೆ ನೋಡಿ. ಫಲಕದ ಜೊತೆ ಅವೆಲ್ಲದರ ಫೋಟೊ ತೆಗೆದು ಕಳಿಸಿ. ಬಣ್ಣ ಮಾತ್ರ ಈಗಲೇ ಹೊಡೆಸಬೇಡಿ.